ಬೆರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ, ಟಿವಿಯಲ್ಲೇ: 142 ಗಂಟೆಗಳ ಲೆಕ್ಕ

ಮೊನ್ನೆ ಭಾನುವಾರ ರಾತ್ರಿ ಟಿವಿ ಪರದೆಯಲ್ಲಿ ಹಡಗು ನಾರ್ವೆಯ ಕಿರ್ಕೆನೆಸ್ ಧಕ್ಕೆಗೆ ಬಂದು ತಾಗಿತು. ಅಲ್ಲಿಗೆ ಲೆಕ್ಕ ಚುಕ್ತಾ: ರೈಲಿನಲ್ಲಿ ಏಳೂಕಾಲು ಗಂಟೆ, ಹಡಗಿನಲ್ಲಿ 134 ಗಂಟೆ 42 ನಿಮಿಷ, ಒಟ್ಟು ಹೆಚ್ಚುಕಡಿಮೆ 142 ಗಂಟೆ. ವಾರದ ದಿನ ಎರಡೆರಡು ಗಂಟೆ, ಶನಿವಾರ ಭಾನುವಾರ ಐದೈದು ಗಂಟೆ ಕೂತರೂ ಏಳು ವಾರ ಹಿಡಿಯಿತು. ಪಾಸ್‌ಪೋರ್ಟ್ ಬೇಕಾಗಲಿಲ್ಲ, ವೀಸಾ ಬೇಕಾಗಲಿಲ್ಲ. ಬೇಕಾದದ್ದು ಒಂದು ನಕ್ಷೆ, ಒಂದು ವೇಳಾಪಟ್ಟಿ, ಒಂದು ನೋಟ್‌ಬುಕ್ಕು ಮತ್ತು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ತಾಳ್ಮೆ. ಇದೇ ದಾರಿ ಹಿಡಿಯುವ ಯೋಚನೆ ಇದ್ದವರಿಗೆ ಎಲ್ಲಿ ಎಡವುತ್ತೀರಿ, ಎಲ್ಲಿ ತೂಕಡಿಸುತ್ತೀರಿ, ಯಾವುದನ್ನು ತಪ್ಪಿಸಿಕೊಳ್ಳಬಾರದು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲು ವಿಷಯ ಏನೆಂದು ಹೇಳಿಬಿಡುವೆ. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ, ಅಂದರೆ ನಮ್ಮ ದೂರದರ್ಶನದಂಥದ್ದು, 2009ರ ನವೆಂಬರ್ 27ರಂದು ಒಂದು ವಿಚಿತ್ರ ಕೆಲಸ ಮಾಡಿತು. ಬೆರ್ಗೆನ್‌ನಿಂದ ಓಸ್ಲೊಗೆ ಹೋಗುವ ರೈಲುಮಾರ್ಗಕ್ಕೆ ನೂರು ವರ್ಷ ತುಂಬಿದ ನೆಪದಲ್ಲಿ ಇಡೀ ಪ್ರಯಾಣವನ್ನು ಒಂದು ನಿಮಿಷವೂ ಕತ್ತರಿಸದೆ ಟಿವಿಯಲ್ಲಿ ತೋರಿಸಿತು. ಸುಮಾರು 12 ಲಕ್ಷ ಜನ ಅದರ ಒಂದಲ್ಲ ಒಂದು ಭಾಗ ನೋಡಿದರು. ಆಗ ಆ ದೇಶದ ಜನಸಂಖ್ಯೆಯೇ 50 ಲಕ್ಷದ ಒಳಗೆ. ಆ ಧೈರ್ಯದಲ್ಲಿ 2011ರ ಜೂನ್ 16ರಿಂದ 22ರವರೆಗೆ ಕರಾವಳಿಯ ಹಡಗೊಂದರ ಪೂರ್ತಿ ಪಯಣವನ್ನು ನೇರಪ್ರಸಾರ ಮಾಡಿದರು. ಅದನ್ನು 32 ಲಕ್ಷ ಜನ ನೋಡಿದರು. ಈ ಬಗೆಗೆ ಅಲ್ಲಿ ‘ಸಾಕ್ತೆ ಟಿವಿ’ ಅನ್ನುತ್ತಾರೆ, ನಿಧಾನ ಟಿವಿ ಎಂದರ್ಥ. 2013ರಲ್ಲಿ ಅದು ನಾರ್ವೇಜಿಯನ್ ಭಾಷೆಯ ವರ್ಷದ ಪದವೂ ಆಯಿತು.

ಇದನ್ನೇ ಯಾಕೆ ಆರಿಸಿಕೊಳ್ಳಬೇಕು? ಮಾಮೂಲಿ ಪ್ರವಾಸ ಕಾರ್ಯಕ್ರಮ ಅರ್ಧ ಗಂಟೆಯದು. ಜಾಹೀರಾತು ಕಳೆದರೆ 22 ನಿಮಿಷ ಉಳಿಯುತ್ತದೆ. ಅದರಲ್ಲಿ ಬೆರ್ಗೆನ್‌ನ ಮೀನುಪೇಟೆ, ಎರಡು ಜಲಪಾತ, ಲೊಫೋಟೆನ್ ದ್ವೀಪಗಳ ಕೆಂಪು ಮನೆಗಳು, ಹಿಮಸಾರಂಗ, ಕೊನೆಗೆ ಹಸಿರು ಬಣ್ಣದ ಧ್ರುವಪ್ರಭೆ. ನೋಡಿದವನಿಗೆ ಇವೆಲ್ಲ ಅಕ್ಕಪಕ್ಕದ ಬೀದಿಯಲ್ಲಿವೆ ಅನ್ನಿಸುತ್ತದೆ. ಮೀನುಪೇಟೆಗೂ ಹಿಮಸಾರಂಗಕ್ಕೂ ನಡುವೆ ಹಡಗಿನಲ್ಲಿ ನಾಲ್ಕೈದು ದಿನದ ದೂರವಿದೆ ಎಂಬುದು ಅಂಥ ಹತ್ತು ಕಾರ್ಯಕ್ರಮ ನೋಡಿದರೂ ಮೈಗೆ ಹತ್ತುವುದಿಲ್ಲ. ಜೂನ್‌ನಲ್ಲಿ ಧ್ರುವಪ್ರಭೆ ಕಾಣಿಸುವುದೇ ಇಲ್ಲ, ಆಕಾಶ ಕಪ್ಪಾಗುವುದೇ ಇಲ್ಲವಲ್ಲ! ಆದರೆ ಸಂಕಲನದ ಮೇಜಿನ ಮೇಲೆ ಬೇಸಿಗೆ ಚಳಿಗಾಲ ಎರಡೂ ಒಂದೇ ವಾರದಲ್ಲಿ ನಡೆದುಹೋಗುತ್ತವೆ. ದೂರದ ದೇಶವನ್ನು ಪರದೆಯಲ್ಲಿ ನೋಡುವುದಾದರೆ ಹತ್ತು ಚಂದದ ಜಾಗಕ್ಕಿಂತ ಒಂದು ಉದ್ದ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುವುದು ಮೇಲು.

ಮೊದಲ ತೊಡಕು ವಿಡಿಯೊ ಹುಡುಕುವುದು. ಎನ್‌ಆರ್‌ಕೆಯ ಸ್ವಂತ ಜಾಲತಾಣದಲ್ಲಿ ಎಲ್ಲ ಕಾರ್ಯಕ್ರಮಗಳೂ ಹೊರದೇಶದವರಿಗೆ ತೆರೆದುಕೊಳ್ಳುವುದಿಲ್ಲ. ಹಕ್ಕುಸ್ವಾಮ್ಯದ ಕಾರಣಕ್ಕೆ ಕೆಲವು ನಾರ್ವೆಯ ಒಳಗೆ ಮಾತ್ರ. ಒಂದು ತೆರೆಯಲಿಲ್ಲವೆಂದು ಎಲ್ಲವನ್ನೂ ಕೈಬಿಡಬೇಡಿ, ಒಂದೊಂದನ್ನೂ ಒತ್ತಿ ನೋಡಿ. ರೈಲಿನ ವಿಷಯದಲ್ಲಿ ಸಂಸ್ಥೆ ದೊಡ್ಡ ಮನಸ್ಸು ಮಾಡಿ ದೃಶ್ಯಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಬಿಟ್ಟಿತ್ತು. ಹಾಗಾಗಿ ಅದರ ಪ್ರತಿಗಳು ಯೂಟ್ಯೂಬ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಸಿಕ್ಕಿದ್ದನ್ನೆಲ್ಲ ಒತ್ತಬೇಡಿ, ಮೊದಲು ಅವಧಿ ನೋಡಿ. ಏಳು ಗಂಟೆಗಿಂತ ಕಡಿಮೆಯಿದ್ದರೆ ಅದು ಕತ್ತರಿಸಿದ್ದೋ ವೇಗ ಹೆಚ್ಚಿಸಿದ್ದೋ ಆಗಿರುತ್ತದೆ. ಇದೇ ಮಾರ್ಗದ ಮೇಲೆ ಆಮೇಲೆ ಚಾಲಕನ ಕಿಟಕಿಯಿಂದ ತೆಗೆದ ಬೇರೆ ಬೇರೆ ವಿಡಿಯೊಗಳೂ ಬಂದಿವೆ. ಅವೂ ಚೆನ್ನಾಗಿವೆ, ಆದರೆ ಕೆಲವು ಓಸ್ಲೊ ಕಡೆಯಿಂದ ಹೊರಡುತ್ತವೆ. ನಕ್ಷೆಯ ಮೇಲೆ ಬೆರಳಿಟ್ಟು ಹಿಂಬಾಲಿಸುವವರಿಗೆ ಎಡ ಬಲ ಅದಲು ಬದಲಾಗಿ ತಲೆ ಕೆಡುತ್ತದೆ.

ಹಡಗಿನದ್ದು ತುಂಡು ತುಂಡಾಗಿ ಸಿಗುತ್ತದೆ. ಪ್ರತಿ ತುಂಡಿನ ಗಡಿಯಾರವೂ ಸೊನ್ನೆಯಿಂದ ಶುರುವಾಗುವುದರಿಂದ ಎಷ್ಟನೆಯ ಗಂಟೆಯಲ್ಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ನೋಟ್‌ಬುಕ್ಕು ಬೇಕಾಗುವುದು ಇದಕ್ಕೇ. ನಾಲ್ಕು ಕಲಂ ಸಾಕು: ತುಂಡಿನ ಸಂಖ್ಯೆ, ಅದರೊಳಗಿನ ಸಮಯ, ಹೊರಟಾಗಿನಿಂದ ಕೂಡಿಸಿದ ಒಟ್ಟು ಗಂಟೆ, ಕೊನೆಗೆ ಕಂಡ ಊರು. ಪ್ಲೇಯರ್ ತಾನಾಗಿ ಎಲ್ಲಿಗೆ ಬಿಟ್ಟಿದ್ದೆವೋ ಅಲ್ಲಿಂದಲೇ ತೋರಿಸುತ್ತದೆ ಎಂದು ನಂಬಿ ಕೂತರೆ ಒಂದು ದಿನ ಲಾಗಿನ್ ಹೋಗಿ ಮತ್ತೆ ಬೆರ್ಗೆನ್ ಧಕ್ಕೆಯಲ್ಲಿ ನಿಂತಿರುತ್ತೀರಿ. 40 ಗಂಟೆಯ ಸಮುದ್ರದಲ್ಲಿ ಬಿಟ್ಟ ಜಾಗ ಹುಡುಕುವುದು ಎಂಥ ಕೆಲಸ ಎಂಬುದು ಮಾಡಿದವರಿಗೇ ಗೊತ್ತು. ನೀರು ಎಲ್ಲ ಕಡೆಯೂ ಒಂದೇ ಥರ.

ಖರ್ಚಿನ ಮಾತು. 480ಪಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು ಅರ್ಧ ಜಿಬಿ, 720ಪಿಯಲ್ಲಿ ಒಂದರಿಂದ ಒಂದೂವರೆ ಜಿಬಿ ಹೋಗುತ್ತದೆ. ಮೊಬೈಲ್ ಡೇಟಾದಲ್ಲಿ ದಿನಕ್ಕೆ ಎರಡು ಜಿಬಿ ಇರುವವರಿಗೆ 720ಪಿಯಲ್ಲಿ ಒಂದೂವರೆ ಗಂಟೆಗೇ ಪ್ಯಾಕ್ ಖಾಲಿ. ಹಾಗೆಂದು ಎಲ್ಲವನ್ನೂ 480ರಲ್ಲಿ ನೋಡಹೊರಟರೆ ಇನ್ನೊಂದು ಪೇಚು ಇದೆ. ಸುರಿಯುವ ಹಿಮ, ನೀರಿನ ಮೇಲಿನ ಸಣ್ಣ ಅಲೆ, ಇವೆರಡೂ ವಿಡಿಯೊ ಸಂಕೋಚನದ ಪರಮ ವೈರಿಗಳು. ಪರದೆಯ ಚುಕ್ಕಿ ಚುಕ್ಕಿಯೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಕಡಿಮೆ ಗುಣಮಟ್ಟದಲ್ಲಿ ಸಮುದ್ರ ಬೂದಿ ಬಣ್ಣದ ಗಂಜಿಯಾಗಿ ಕಾಣುತ್ತದೆ. ಕಣಿವೆ, ಕಾಡು, ಪೇಟೆ ಬಂದಾಗ 480 ಸಾಕು. ಹಿಮ ಮತ್ತು ತೆರೆದ ಕಡಲಿಗೆ 720ಕ್ಕೆ ಏರಿಸಿ. ಕರೆಂಟು? ಟಿವಿ 100 ವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೂ 142 ಗಂಟೆಗೆ 14 ಯೂನಿಟ್ ಚಿಲ್ಲರೆ. ಅಷ್ಟೇ. ನಿಜವಾದ ಖರ್ಚು ಸಂಜೆಗಳದ್ದು.

ಪಕ್ಕದಲ್ಲಿ ಇರಬೇಕಾದ ‘ದಾಖಲೆ’ಗಳಲ್ಲಿ ಮೊದಲನೆಯದು ನಕ್ಷೆ. ನಾರ್ವೆಯ ಸರಕಾರಿ ಭೂಮಾಪನ ಇಲಾಖೆ ಕಾರ್ಟ್‌ವೆರ್ಕೆಟ್ ತನ್ನ ನಕ್ಷೆಗಳನ್ನು ‘ನೊರ್ಗೆಸ್ಕಾರ್ಟ್’ ಎಂಬ ತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಬಂಡೆ, ದ್ವೀಪ, ಒಂಟಿ ಮನೆ ಸಮೇತ ಸಿಗುತ್ತದೆ. ಎರಡನೆಯದು ಹಡಗಿನ ಬಂದರುಗಳ ಪಟ್ಟಿ. ಮೂರನೆಯದು ಹವಾಮಾನಕ್ಕೆ ‘ಯೂರ್’ ತಾಣ. ಇದನ್ನು ಎನ್‌ಆರ್‌ಕೆ ಮತ್ತು ಅಲ್ಲಿನ ಹವಾಮಾನ ಸಂಸ್ಥೆ ಸೇರಿ ನಡೆಸುತ್ತವೆ, ಬೆಂಗಳೂರಿನ ಮಳೆಯನ್ನೂ ಹೇಳುತ್ತದೆ. ಪರದೆಯಲ್ಲಿ ವಾರ್ಡೊ ಊರು ನೋಡುತ್ತ ಈ ಹೊತ್ತು ಅಲ್ಲಿ ಎಷ್ಟು ಡಿಗ್ರಿ ಎಂದು ನೋಡಿಕೊಳ್ಳುವುದು ಒಂದು ಚಟವಾಗಿಬಿಡುತ್ತದೆ, ಎಚ್ಚರಿಕೆ.

ನಕ್ಷೆಯಲ್ಲಿ ಊರು ಹುಡುಕುವಾಗ ಕಾಗುಣಿತ ಕಾಡುತ್ತದೆ. ಅವರಲ್ಲಿ ತಲೆಯ ಮೇಲೆ ಸೊನ್ನೆ ಹೊತ್ತ ಎ ಅಕ್ಷರವಿದೆ, ಉಚ್ಚಾರ ಹೆಚ್ಚುಕಡಿಮೆ ನಮ್ಮ ‘ಓ’. ಆದ್ದರಿಂದ ಆ ಊರು ಅಲೆಸುಂಡ್ ಅಲ್ಲ, ಓಲೆಸುನ್. ಅಡ್ಡಗೀಟು ಹೊಡೆದ ಒ ಅಕ್ಷರ ಇನ್ನೊಂದು. ಕೀಲಿಮಣೆಯಲ್ಲಿ ಇವು ಇಲ್ಲದಿದ್ದರೆ ಮೊದಲನೆಯದಕ್ಕೆ ಎರಡು ಎ, ಎರಡನೆಯದಕ್ಕೆ ಒ ಮತ್ತು ಇ ಒತ್ತಿದರೆ ಸಾಮಾನ್ಯವಾಗಿ ಸಿಗುತ್ತದೆ. ಇನ್ನೊಂದು ಕಿವಿಮಾತು, ಊರಿನ ಹೆಸರುಗಳ ಬಾಲ ಕಲಿತುಕೊಳ್ಳಿ. ನಮ್ಮಲ್ಲಿ ಕೆರೆ, ಹಳ್ಳಿ, ಕಟ್ಟೆ ಎಂಬ ಬಾಲ ನೋಡಿದರೆ ಊರಿನ ಜಾತಕ ತಿಳಿಯುವ ಹಾಗೆ ಅಲ್ಲಿ ‘ವಿಕ್’ ಎಂದರೆ ಸಣ್ಣ ಕೊಲ್ಲಿ, ‘ನೆಸ್’ ಎಂದರೆ ಚಾಚಿದ ಭೂಮಿ, ‘ಒಯ್’ ಎಂದರೆ ದ್ವೀಪ, ‘ಸುನ್’ ಎಂದರೆ ಎರಡು ನೆಲಗಳ ನಡುವಿನ ನೀರು, ‘ಹಾವ್ನ್’ ಅಥವಾ ‘ಹಾಮ್ನ್’ ಎಂದರೆ ಬಂದರು, ‘ಫೊಸ್’ ಎಂದರೆ ಜಲಪಾತ, ‘ದಾಲ್’ ಎಂದರೆ ಕಣಿವೆ. ಹತ್ತು ಪದ ಬಂದರೆ ಹಡಗು ಊರಿಗೆ ತಿರುಗುವ ಮೊದಲೇ ಅಲ್ಲಿ ಏನು ಕಾಣಬೇಕೆಂದು ಊಹಿಸಬಹುದು. ಮಾತಿನ ಭಾಗಗಳು ನಾರ್ವೇಜಿಯನ್‌ನಲ್ಲಿರುತ್ತವೆ. ತಲೆ ಕೆಡಿಸಿಕೊಳ್ಳಬೇಡಿ, ಅವು ಕಡಿಮೆಯೇ. ಫಲಕಗಳನ್ನು ಓದಲು ಫೋನಿನ ಅನುವಾದದ ಆ್ಯಪ್ ಸಾಕು.

ರೈಲಿನಿಂದಲೇ ಶುರುಮಾಡಿ. ನೇರವಾಗಿ ಹಡಗು ಹತ್ತಿದವರು ಎರಡನೇ ದಿನಕ್ಕೇ ಇಳಿದುಬಿಡುತ್ತಾರೆ. ಬೆರ್ಗೆನ್‌ನಿಂದ ಓಸ್ಲೊಗೆ 496 ಕಿಲೋಮೀಟರ್. ಒಂದೇ ಸಲಕ್ಕೆ ನೋಡುವ ಹಟ ಬೇಡ, ಮೂರು ಕೂತುಗಳಾಗಿ ಮಾಡಿಕೊಳ್ಳಿ: ಬೆರ್ಗೆನ್‌ನಿಂದ ವೊಸ್, ವೊಸ್‌ನಿಂದ ಗೈಲೊ, ಗೈಲೊದಿಂದ ಓಸ್ಲೊ.

ಮೊದಲ ಕೂತಿನಲ್ಲಿ ಬಹುಪಾಲು ಕತ್ತಲೆ. ಬೆರ್ಗೆನ್ ಬಿಟ್ಟ ಸ್ವಲ್ಪ ಹೊತ್ತಿಗೇ ಉಲ್ರಿಕೆನ್ ಸುರಂಗ, 7 ಕಿಲೋಮೀಟರಿಗೂ ಹೆಚ್ಚು. ಅದಾದ ಮೇಲೆ ಒಂದರ ಹಿಂದೊಂದು. ಇಡೀ ದಾರಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಸುರಂಗಗಳಿವೆ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ 57 ಸುರಂಗಗಳನ್ನು ಎಣಿಸುತ್ತ ಹೋದವರಿಗೆ ಆ ಬೆಳಕು-ಕತ್ತಲೆಯ ಆಟ ಗೊತ್ತು. ಇಲ್ಲಿ ತಯಾರಕರು ಸುರಂಗಗಳನ್ನೇ ಕೆಲಸಕ್ಕೆ ಹಚ್ಚಿದ್ದಾರೆ: ಕತ್ತಲಾದಾಗ ಹಳೆಯ ಸಂಗ್ರಹದ ಚಿತ್ರ, ಮಾರ್ಗದ ಇತಿಹಾಸ, ಸಂದರ್ಶನ ಬರುತ್ತವೆ, ಬೆಳಕು ಬಂದ ಕೂಡಲೇ ಮತ್ತೆ ಹಳಿ. ಉಚಿತವಾಗಿ ಹರಿದಾಡುವ ಕೆಲವು ಪ್ರತಿಗಳಲ್ಲಿ ಬರೀ ಎಂಜಿನ್ ಮುಂದಿನ ಕ್ಯಾಮೆರಾ ಮಾತ್ರ ಇದ್ದು, ಸುರಂಗದಲ್ಲಿ ನಿಜಕ್ಕೂ ಕತ್ತಲೆಯೇ. ನಿಮ್ಮದು ಯಾವ ಪ್ರತಿ ಎಂದು ಉಲ್ರಿಕೆನ್‌ನಲ್ಲೇ ಗೊತ್ತಾಗುತ್ತದೆ. ಪರದೆ ಕಪ್ಪಾಯಿತೆಂದು ಕೇಬಲ್ ಎಳೆದು ನೋಡಬೇಡಿ.

ಎರಡನೆಯದು ಜೀವಾಳ. ವೊಸ್ ಸಮುದ್ರಮಟ್ಟಕ್ಕೆ ಹತ್ತಿರದ ಊರು. ಅಲ್ಲಿಂದ ಮಿರ್ಡಾಲ್ 867 ಮೀಟರ್ ಎತ್ತರಕ್ಕೆ, ಅಲ್ಲಿಂದ ಫಿನ್ಸೆ 1,222 ಮೀಟರಿಗೆ. ಮರಗಳು ಮೊದಲು ಕುಳ್ಳಗಾಗುತ್ತವೆ, ಆಮೇಲೆ ಪೊದೆಯಾಗುತ್ತವೆ, ಆಮೇಲೆ ಇಲ್ಲವೇ ಇಲ್ಲ. ಈ ಬದಲಾವಣೆ ಅರ್ಧ ಗಂಟೆಯಲ್ಲಿ ಆಗುವುದನ್ನು ಕಣ್ಣಾರೆ ಕಂಡ ಮೇಲೆ ‘ವೃಕ್ಷರೇಖೆ’ ಎಂಬ ಪಠ್ಯಪುಸ್ತಕದ ಪದಕ್ಕೆ ಜೀವ ಬರುತ್ತದೆ. ಮಿರ್ಡಾಲ್‌ನಿಂದ ಕೆಳಗೆ ಫ್ಲೋಮ್‌ಗೆ ಇಳಿಯುವ 20 ಕಿಲೋಮೀಟರ್‌ನ ಕವಲುದಾರಿಯ ಇಳಿಜಾರು ಹದಿನೆಂಟಕ್ಕೆ ಒಂದು. ನಮ್ಮ ಸಕಲೇಶಪುರ ಘಟ್ಟದ್ದು ಐವತ್ತಕ್ಕೆ ಒಂದು, ಹೋಲಿಸಿ ನೋಡಿ. ಆ ಕವಲು ಈ ವಿಡಿಯೊದಲ್ಲಿಲ್ಲ, ಬೇರೆ ಹುಡುಕಬೇಕು. ಮಾರ್ಗದ ಪಕ್ಕದಲ್ಲೇ ಆಗಾಗ ಕಾಣುವ ಮಣ್ಣಿನ ದಾರಿ ‘ರಲ್ಲಾರ್‌ವೇಗೆನ್’. ರೈಲುಹಳಿ ಹಾಕಲು ಬಂದ ಕೂಲಿಕಾರರು ಸಾಮಾನು ಸಾಗಿಸಲು ಮಾಡಿದ್ದ ದಾರಿ, ಈಗ ಸೈಕಲ್ಲಿನವರ ಸ್ವರ್ಗ. 1909ರಲ್ಲಿ ಮುಗಿದ ಈ ಮಾರ್ಗದ ಹಿಂದೆ ಯಾರ ಬೆವರಿತ್ತು ಎಂಬುದು ಆ ಕಿರುದಾರಿ ಕಂಡಾಗ ಹೊಳೆಯುವಷ್ಟು ಸಂದರ್ಶನಗಳಲ್ಲಿ ಹೊಳೆಯುವುದಿಲ್ಲ.

ಫಿನ್ಸೆಯ ಆಚೀಚೆ ಹಳಿಯ ಮೇಲೆ ಹಿಮ ಬೀಳದಿರಲೆಂದು ಕಟ್ಟಿದ ಸೂರುಗಳು ಬರುತ್ತವೆ. ಅವುಗಳ ಸಂದಿನಿಂದ ಬೆಳಕು ಪಟಪಟ ಹೊಡೆಯುತ್ತದೆ. ಮಿನುಗುವ ಬೆಳಕಿಗೆ ತಲೆನೋವು ಬರುವವರು ಇಲ್ಲಿ ಟಿವಿಯ ಹೊಳಪು ತಗ್ಗಿಸಿ, ಕೋಣೆಯ ದೀಪ ಹಾಕಿಕೊಳ್ಳುವುದು ಒಳ್ಳೆಯದು. ಅಪಸ್ಮಾರ ಇರುವವರು ಈ ಭಾಗ ಬಿಟ್ಟರೂ ನಷ್ಟವಿಲ್ಲ. ದಕ್ಷಿಣ ಧ್ರುವದ ಕಡೆಗೆ ಹೊರಟಿದ್ದ ಅನ್ವೇಷಕ ಶಾಕಲ್ಟನ್ ಮೊದಲು ಹಿಮದಲ್ಲಿ ಪಳಗಲು ಬಂದದ್ದು ಇದೇ ಫಿನ್ಸೆಗೆ. ನಿಲ್ದಾಣದ ಹೊರಗಿನ ಬಯಲು ನೋಡಿದರೆ ಯಾಕೆಂದು ಕೇಳಬೇಕಾಗಿಲ್ಲ.

ಮೂರನೇ ಕೂತು ನಿದ್ದೆಯದು, ಮುಚ್ಚುಮರೆಯೇಕೆ? ಗೋಲ್, ನೆಸ್‌ಬಿಯೆನ್, ಫ್ಲೋ, ಹೊನೆಫೊಸ್: ಕಣಿವೆ, ನದಿ, ಮರದ ದಿಮ್ಮಿ, ಮತ್ತೆ ಕಣಿವೆ. ಕೊನೆಗೆ ದ್ರಾಮೆನ್ ದಾಟಿ ಓಸ್ಲೊ. ತೂಕಡಿಸಿದರೆ ನಿಲ್ದಾಣದ ಫಲಕ ನೋಡಿ ಎಲ್ಲಿದ್ದೀರೆಂದು ತಿಳಿದು, ಹತ್ತು ನಿಮಿಷ ಹಿಂದೆ ಹೋಗಿ. ಪೂರ್ತಿ ಹಿಂದೆ ಹೋಗುವ ಪಾಪಪ್ರಜ್ಞೆ ಬೇಡ, ನಿಜವಾದ ರೈಲಿನಲ್ಲೂ ಮಧ್ಯಾಹ್ನ ಎಲ್ಲರೂ ಮಲಗುತ್ತಾರೆ.

ಇನ್ನು ಹಡಗು. ‘ಹುರ್ತಿಗ್ರುತೆನ್’ ಎಂದರೆ ತ್ವರಿತ ಮಾರ್ಗ. 1893ರಲ್ಲಿ ರಿಕಾರ್ಡ್ ವಿತ್ ಎಂಬ ಕಪ್ತಾನ ‘ವೆಸ್ಟೆರೋಲೆನ್’ ಎಂಬ ಉಗಿಹಡಗಿನಲ್ಲಿ ಟ್ರೊಂಡ್‌ಹೈಮ್‌ನಿಂದ ಹಮ್ಮರ್‌ಫೆಸ್ಟ್‌ಗೆ ಶುರುಮಾಡಿದ ಅಂಚೆ-ಸರಕು-ಜನರ ಸೇವೆ ಅದು. ಬೆರ್ಗೆನ್‌ನಿಂದ ರಷ್ಯಾದ ಗಡಿಯ ಪಕ್ಕದ ಕಿರ್ಕೆನೆಸ್‌ವರೆಗೆ 34 ಬಂದರು. 2021ರಿಂದ ಎರಡು ಕಂಪನಿಗಳು ಈ ಮಾರ್ಗವನ್ನು ಹಂಚಿಕೊಂಡಿವೆ. ಪ್ರಸಾರವಾದದ್ದು ‘ನೂರ್‌ನೊರ್ಗೆ’ ಹಡಗಿನಿಂದ. 1997ರಲ್ಲಿ ಕಟ್ಟಿದ್ದು, 123 ಮೀಟರ್ ಉದ್ದ. 11 ಕ್ಯಾಮೆರಾ ಇಟ್ಟಿದ್ದರು. ಅತಿ ಉದ್ದದ ನೇರಪ್ರಸಾರದ ಸಾಕ್ಷ್ಯಚಿತ್ರ ಎಂದು ಗಿನ್ನೆಸ್ ದಾಖಲೆಯೂ ಆಯಿತು.

ಪ್ರಸಾರ ಶುರುವಾದದ್ದು ಜೂನ್ 16ರ ಸಂಜೆ 7:45ಕ್ಕೆ, ನಮ್ಮ ಗಡಿಯಾರದಲ್ಲಿ ರಾತ್ರಿ 11:15. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಎಷ್ಟನೆಯ ಗಂಟೆಯಲ್ಲಿದ್ದೀರೋ ಅದನ್ನು 7:45ಕ್ಕೆ ಕೂಡಿಸಿದರೆ ಪರದೆಯ ಮೇಲಿನ ಹೊತ್ತು ಸಿಗುತ್ತದೆ. ಉದಾಹರಣೆಗೆ 60ನೇ ಗಂಟೆ ಎಂದರೆ 19ನೇ ತಾರೀಖಿನ ಬೆಳಗ್ಗೆ 7:45. ಈ ಲೆಕ್ಕ ಬೇಕೇ ಬೇಕು. ಯಾಕೆಂದರೆ ಆ ಹೊತ್ತಿಗೆ ಸೂರ್ಯನನ್ನು ನೋಡಿ ಸಮಯ ಹೇಳುವ ಅಭ್ಯಾಸ ಕೈಕೊಟ್ಟಿರುತ್ತದೆ.

ಅಂದಾಜಿಗೆ ಗುರುತುಗಳು ಹೀಗೆ: 13ನೇ ಗಂಟೆಯ ಆಸುಪಾಸು ಓಲೆಸುನ್, 17-18ರ ಹೊತ್ತಿಗೆ ಗೈರಾಂಗರ್, 36ರ ನಂತರ ಟ್ರೊಂಡ್‌ಹೈಮ್, 60ರ ಆಸುಪಾಸು ಆರ್ಕ್ಟಿಕ್ ವೃತ್ತ, 65ಕ್ಕೆ ಬೂದೊ, 76ರ ಹೊತ್ತಿಗೆ ಟ್ರೋಲ್‌ಫ್ಯೋರ್ಡ್, 91ಕ್ಕೆ ಟ್ರೊಮ್ಸೊ, 112ರ ಆಸುಪಾಸು ಹೊನ್ನಿಂಗ್ಸ್‌ವೋಗ್. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಈಗಿನ ವೇಳಾಪಟ್ಟಿ ಆಗಿನದಕ್ಕಿಂತ ಅಲ್ಲಲ್ಲಿ ಬೇರೆ, ಅದನ್ನು ಹಿಡಿದು ಹುಡುಕಿದರೆ ಒಂದೆರಡು ಗಂಟೆ ತಪ್ಪುತ್ತದೆ.

ಓಲೆಸುನ್‌ನಲ್ಲಿ ಕಟ್ಟಡಗಳ ತಲೆಗಳನ್ನು ನೋಡಿ. 1904ರ ಜನವರಿ 23ರ ರಾತ್ರಿ ಊರಿಗೆ ಬೆಂಕಿ ಬಿದ್ದು ಮರದ ಮನೆಗಳೆಲ್ಲ ಹೋದವು. ಕೆಲವೇ ವರ್ಷಗಳಲ್ಲಿ ಇಟ್ಟಿಗೆ-ಕಲ್ಲಿನಲ್ಲಿ, ಆಗ ಹೊಸದಾಗಿದ್ದ, ಬಳ್ಳಿ-ಹೂವಿನ ಅಲಂಕಾರದ ಯೂಗೆಂಡ್ ಶೈಲಿಯಲ್ಲಿ ಮತ್ತೆ ಕಟ್ಟಿದರು. ಹಾಗಾಗಿ ಇಡೀ ಪೇಟೆ ಒಂದೇ ವಯಸ್ಸಿನದು. ಇದಕ್ಕೆ ಎದುರಾಗಿ ಉತ್ತರದ ಹಮ್ಮರ್‌ಫೆಸ್ಟ್ ಬಂದಾಗ ಹಳೆಯ ಕಟ್ಟಡವೇ ಕಾಣುವುದಿಲ್ಲ. 1944-45ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಆ ಸೀಮೆಯನ್ನೆಲ್ಲ ಸುಟ್ಟು ಹೋಯಿತು. ಹಮ್ಮರ್‌ಫೆಸ್ಟ್‌ನಲ್ಲಿ ಸ್ಮಶಾನದ ಒಂದು ಪ್ರಾರ್ಥನಾ ಮಂದಿರ ಮಾತ್ರ ಉಳಿಯಿತು. ಎರಡು ಬೆಂಕಿಗಳ ನಡುವಿನ ತೊಂಬತ್ತು ಚಿಲ್ಲರೆ ಗಂಟೆಯ ದೂರವನ್ನು ದಾಟಿ ಬಂದವರಿಗೆ ಆ ಚೌಕಾಕಾರದ ಸಾದಾ ಮನೆಗಳು ‘ಚಂದವಿಲ್ಲ’ ಅನ್ನಿಸುವುದಿಲ್ಲ. ಇಪ್ಪತ್ತೆರಡು ನಿಮಿಷದ ಕಾರ್ಯಕ್ರಮ ಅಲ್ಲಿ ನಿಲ್ಲುವುದೂ ಇಲ್ಲ.

ಕ್ರಿಸ್ಟಿಯಾನ್‌ಸುನ್ ಮತ್ತು ಲೊಫೋಟೆನ್‌ ನಡುವಿನ ವ್ಯತ್ಯಾಸ ನಮ್ಮ ಕರಾವಳಿಯವರಿಗೆ ಥಟ್ಟನೆ ಹಿಡಿಸುತ್ತದೆ. ಎರಡೂ ಒಣಮೀನಿನ ಊರುಗಳೇ. ಕ್ರಿಸ್ಟಿಯಾನ್‌ಸುನ್‌ನದು ಕ್ಲಿಪ್‌ಫಿಸ್ಕ್: ಕಾಡ್ ಮೀನಿಗೆ ಉಪ್ಪು ಹಾಕಿ ಹಿಂದೆಲ್ಲ ಬಂಡೆಗಳ ಮೇಲೆ ಹರಡಿ ಒಣಗಿಸುತ್ತಿದ್ದರು, ನಮ್ಮ ಮರಳದಂಡೆಯ ಒಣಮೀನಿನ ದೂರದ ನೆಂಟ. ಲೊಫೋಟೆನ್‌ನದು ಉಪ್ಪೇ ಇಲ್ಲದ್ದು. ಜನವರಿಯಿಂದ ಏಪ್ರಿಲ್‌ವರೆಗೆ ಹಿಡಿದ ಕಾಡ್ ಮೀನನ್ನು ಬಾಲಕ್ಕೆ ಬಾಲ ಕಟ್ಟಿ ಮರದ ಚಪ್ಪರಗಳಿಗೆ ನೇತುಹಾಕುತ್ತಾರೆ. ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನ ಚಳಿಗಾಳಿಯೇ ಅದನ್ನು ಕಟ್ಟಿಗೆ ಮಾಡುತ್ತದೆ. ತುಸು ಬೆಚ್ಚಗಾದರೆ ನೊಣ, ತುಸು ಹೆಚ್ಚು ಚಳಿಯಾದರೆ ಮಂಜುಗಟ್ಟಿ ಮಾಂಸ ಹಾಳು. ಪ್ರಸಾರ ಜೂನ್‌ನದಾದ್ದರಿಂದ ತುಂಬಿತುಳುಕುವ ಚಪ್ಪರ ನಿರೀಕ್ಷಿಸಬೇಡಿ. ಆ ಹೊತ್ತಿಗೆ ಮೀನನ್ನು ಇಳಿಸಿಕೊಳ್ಳುತ್ತಾರೆ. ಬೋಳು ಅಟ್ಟಣಿಗೆ ಕಂಡರೆ ಅದೇನೆಂದು ಗೊತ್ತಿರಲಿ.

ಕಷ್ಟದ ಜಾಗಗಳನ್ನೂ ಹೇಳಿಬಿಡುವೆ. ಹಡಗು ಬಹುಪಾಲು ದ್ವೀಪಗಳ ಮರೆಯಲ್ಲೇ ಸಾಗುತ್ತದೆ. ಆದರೆ ಸ್ಟಾದ್ ಭೂಶಿರ, ಹುಸ್ತಾದ್‌ವಿಕಾ, ಫೊಲ್ಡಾ ಮತ್ತು ಬೂದೊದಿಂದ ಸ್ಟಾಮ್‌ಸುನ್‌ಗೆ ದಾಟುವ ವೆಸ್ಟ್‌ಫ್ಯೋರ್ಡ್, ಇವು ತೆರೆದ ಕಡಲು. ದಿಗಂತ ಮೆಲ್ಲಗೆ ಏರಿಳಿಯುತ್ತದೆ. ದೊಡ್ಡ ಟಿವಿಯ ಮುಂದೆ ಹತ್ತಿರ ಕೂತರೆ ಊಟವಾದ ಮೇಲೆ ಹೊಟ್ಟೆ ತೊಳಸುವುದು ಖರೆ. ಹಿಂದೆ ಸರಿದು ಕೂತು, ಟಿವಿಯ ಪಕ್ಕದ ಗೋಡೆಯ ಅಂಚು ಕಣ್ಣಿಗೆ ಬೀಳುವಂತೆ ದೀಪ ಹಾಕಿಕೊಂಡರೆ ಕಡಿಮೆಯಾಗುತ್ತದೆ. ವೆಸ್ಟ್‌ಫ್ಯೋರ್ಡ್ ನಾಲ್ಕು ಗಂಟೆ. ಏನೂ ಇಲ್ಲ, ನೀರು. ಆದರೆ ಅದರ ಕೊನೆಯಲ್ಲಿ ಲೊಫೋಟೆನ್ ಬೆಟ್ಟಗಳ ಗೋಡೆ ದಿಗಂತದಿಂದ ನಿಧಾನವಾಗಿ ಮೇಲೇಳುವುದನ್ನು ಕಾಣಬೇಕಾದರೆ ಆ ನಾಲ್ಕು ಗಂಟೆ ಕೊಡಲೇಬೇಕು. ಓಡಿಸಿ ನೋಡಿದವರಿಗೆ ಬೆಟ್ಟ ಮಾತ್ರ ಸಿಗುತ್ತದೆ, ಬರುವುದು ಸಿಗುವುದಿಲ್ಲ.

ಓಡಿಸಬಹುದಾದ್ದು ಯಾವುದು ಹಾಗಾದರೆ? ದೊಡ್ಡ ಬಂದರುಗಳಲ್ಲಿ ಹಡಗು ಗಂಟೆಗಟ್ಟಲೆ ನಿಲ್ಲುತ್ತದೆ, ಅಲ್ಲಿ ಬೇಕಾದರೆ ಮುಂದೆ ಸರಿಸಿ. ಸಣ್ಣ ಬಂದರುಗಳಲ್ಲಿ ಮಾತ್ರ ಖಂಡಿತ ಬೇಡ. ನೆಸ್ನಾ, ಓರ್ನೆಸ್, ರಿಸೊಯ್‌ಹಾಮ್ನ್, ಮೆಹಾಮ್ನ್‌ಗಳಲ್ಲಿ ಹದಿನೈದು-ಇಪ್ಪತ್ತು ನಿಮಿಷದ ನಿಲುಗಡೆ. ಪಕ್ಕದ ಬಾಗಿಲು ತೆರೆಯುತ್ತದೆ, ಫೋರ್ಕ್‌ಲಿಫ್ಟ್ ಒಳಗೆ ಹೋಗಿ ಹೊರಗೆ ಬರುತ್ತದೆ, ಸರಕು ಇಳಿಯುತ್ತದೆ, ಒಂದಿಬ್ಬರು ಹತ್ತುತ್ತಾರೆ, ಹಗ್ಗ ಬಿಚ್ಚುತ್ತಾರೆ. ದೇಶ ನಡೆಯುವುದು ಹೀಗೆ. ಮುಂಬೈ-ಮಂಗಳೂರು ನಡುವೆ ಸ್ಟೀಮರ್ ಓಡುತ್ತಿದ್ದ ಕಾಲದ ಮಾತು ಕೇಳಿ ಬೆಳೆದ ಕರಾವಳಿಯ ಮನೆಗಳಲ್ಲಿ ಈ ನಿಲುಗಡೆಗಳಿಗೆ ಬೇರೆಯೇ ರುಚಿ ಇರುತ್ತದೆ.

ಟ್ರೋಲ್‌ಫ್ಯೋರ್ಡ್ ಬರುವುದು ನಡುರಾತ್ರಿಗೆ, ಹಾಡುಹಗಲಿನಂಥ ಬೆಳಕಿನಲ್ಲಿ. ಎರಡು ಕಿಲೋಮೀಟರ್ ಉದ್ದದ, ಬಾಯಲ್ಲಿ ನೂರು ಮೀಟರ್ ಅಗಲದ ಸೀಳಿನೊಳಗೆ 123 ಮೀಟರ್‌ನ ಹಡಗು ನುಗ್ಗಿ, ಒಳಗೆ ನಿಂತಲ್ಲೇ ತಿರುಗಿ ಹೊರಬರುತ್ತದೆ. ಬಾಯಿ ನೂರು, ಹಡಗು ನೂರಿಪ್ಪತ್ತಮೂರು: ಸಿಕ್ಕಿಕೊಂಡರೆ ಗತಿಯೇನು ಎಂದು ಕೂತವರ ಕಾಲಬೆರಳು ಮಡಚಿಕೊಳ್ಳುತ್ತದೆ. ಒಳಗೆ ಅಗಲ ಹೆಚ್ಚಿದೆ, ತಿರುಗಲು ಜಾಗವಿದೆ, ಹೆದರಬೇಡಿ.

ಇನ್ನೊಂದು ನಿರೀಕ್ಷಿಸದ ಸಂಗತಿ ಜನರದ್ದು. ಪ್ರಸಾರ ನೇರವಾಗಿದ್ದರಿಂದ ಹಡಗು ತಮ್ಮೂರಿಗೆ ಯಾವಾಗ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಉತ್ತರಕ್ಕೆ ಹೋದ ಹಾಗೆ ಧಕ್ಕೆಯ ಮೇಲೆ ಬಾವುಟ, ಬ್ಯಾಂಡು, ಕೈಬರಹದ ಫಲಕ. ಸಣ್ಣ ದೋಣಿಗಳ ಮೆರವಣಿಗೆ. ರಾಣಿ ಸೋನ್ಯಾ ಕೂಡ ರಾಜಮನೆತನದ ಹಡಗಿನಿಂದ ಕೈಬೀಸಿದರು. ದೇಶ ತೋರಿಸಲು ಹೊರಟ ಕ್ಯಾಮೆರಾ ತಾನೇ ಉತ್ಸವಮೂರ್ತಿಯಾಗಿಬಿಟ್ಟಿತು. ಆದ್ದರಿಂದ ಆ ಗದ್ದಲವನ್ನು ಅಲ್ಲಿನ ದಿನನಿತ್ಯ ಎಂದು ತಿಳಿಯಬಾರದು. ಬೇರೆ ಯಾವ ದಿನವೂ ಬೆರ್ಲೆವೋಗ್ ಧಕ್ಕೆಯಲ್ಲಿ ಅಷ್ಟು ಜನ ಇರುವುದಿಲ್ಲ.

ಕೊನೆಯ ಇಪ್ಪತ್ತು ಗಂಟೆ ಬಾರೆಂಟ್ಸ್ ಸಮುದ್ರದ ಅಂಚು. ಮರವಿಲ್ಲ, ಬೆಟ್ಟ ಬೋಳು, ಊರಿನಿಂದ ಊರಿಗೆ ಬಲು ದೂರ. ಇಲ್ಲಿ ನಕ್ಷೆ ತೆಗೆದು ರೇಖಾಂಶ ನೋಡಿ: ವಾರ್ಡೊ ಊರು ಇಸ್ತಾಂಬುಲ್‌ಗಿಂತಲೂ ಪೂರ್ವಕ್ಕಿದೆ. ನಾರ್ವೆ ಎಂದರೆ ಯುರೋಪಿನ ಪಶ್ಚಿಮದ ಅಂಚು ಎಂದುಕೊಂಡಿದ್ದ ತಲೆಗೆ ಇದು ಹಿಡಿಯಲು ಹೊತ್ತು ಬೇಕು. ಇಷ್ಟು ಉತ್ತರದಲ್ಲಿದ್ದರೂ ಬಂದರುಗಳು ಚಳಿಗಾಲದಲ್ಲೂ ಹೆಪ್ಪುಗಟ್ಟದಿರುವುದು ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ಕೃಪೆ.

ಮುಂದುವರಿಸುವ ಹುಮ್ಮಸ್ಸಿದ್ದರೆ ಇನ್ನೂ ಇವೆ. 2013ರ ಫೆಬ್ರವರಿಯಲ್ಲಿ ಸೌದೆಯ ಬಗ್ಗೆ 12 ಗಂಟೆ ಉದ್ದದ ರಾತ್ರಿ ಕಾರ್ಯಕ್ರಮ, ಅದರಲ್ಲಿ 8 ಗಂಟೆ ಬರೀ ಉರಿಯುವ ಒಲೆ. ತೊಗಟೆ ಮೇಲೆ ಬರುವಂತೆ ಜೋಡಿಸಬೇಕೋ ಕೆಳಗೋ ಎಂದು ಜನ ಜಗಳಕ್ಕೇ ಇಳಿದರು. 2017ರಲ್ಲಿ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳ ವಲಸೆ ತೋರಿಸಲು ಹೋದಾಗ ಮಂದೆ ತನಗೆ ಬೇಕಾದಲ್ಲಿ ನಿಂತು ಟಿವಿಯವರ ವೇಳಾಪಟ್ಟಿಯನ್ನು ಗಾಳಿಗೆ ತೂರಿತು. ಪ್ರಸಾರವನ್ನು ನಡುವೆ ನಿಲ್ಲಿಸಬೇಕಾಯಿತು. 2020ರಲ್ಲಿ ಸ್ವಾಲ್‌ಬಾರ್ಡ್ ದ್ವೀಪಸಮೂಹ ಸುತ್ತಿದ ಹಡಗಿನದ್ದು 221 ಗಂಟೆ. ಅದಕ್ಕೆ ಕೈಹಾಕುವ ಮೊದಲು ಮನೆಯವರೊಂದಿಗೆ ಮಾತಾಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿಯುತ್ತದೆ. ಉತ್ತರಕ್ಕೆ ಹೋಗುವ ಹಡಗು ಫ್ಲೋರೊ, ಮೋಲೊಯ್ ಊರುಗಳನ್ನು ಮುಟ್ಟುವುದು ನಸುಕಿಗೆ ಮೊದಲು, ಹಾರ್ಸ್ಟಾದ್ ಸುತ್ತಲಿನ ದ್ವೀಪಗಳನ್ನು ದಾಟುವುದು ಅಪರಾತ್ರಿ. ದಕ್ಷಿಣಕ್ಕೆ ವಾಪಸಾಗುವ ಹಡಗು ಇದೇ ಊರುಗಳನ್ನು ಹಗಲಿನಲ್ಲಿ ದಾಟುವಂತೆ ವೇಳಾಪಟ್ಟಿ ಹೊಂದಿಸಲಾಗಿದೆ, ಆದರೆ ಆ ಪಯಣ ಪ್ರಸಾರವಾಗಿಲ್ಲ. ಹಾರ್ಸ್ಟಾದ್ ಕಡೆಯದ್ದು ನಡುರಾತ್ರಿಯ ಸೂರ್ಯನಿಂದಾಗಿ ಬಚಾವ್. ಫ್ಲೋರೊದಲ್ಲಿ ಮಾತ್ರ ಬೀದಿದೀಪ, ಮಸುಕು ಆಕಾಶ, ಧಕ್ಕೆಯ ಮೇಲೆ ಹಗ್ಗ ಹಿಡಿದ ಇಬ್ಬರು, ಅಷ್ಟೇ ಕಂಡದ್ದು. ನಕ್ಷೆಯಲ್ಲಿ ಆ ಊರಿನ ಸುತ್ತ ಪೆನ್ಸಿಲ್ಲಿನಿಂದ ಗುಂಡಗೆ ಗುರುತು ಹಾಕಿಟ್ಟಿದ್ದೇನೆ.